ಕಾರ್ಪೆಟ್ಟಿನ ಕೆಳಗಿನ ಪೆಟ್ಟಿಗೆ

ನನ್ನ ಸಿಟ್ಟು ಅಪ್ಪನಿಂದ ಬಂದ ಬಳುವಳಿ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಅಪ್ಪ ತೀರಿಕೊಂಡಾಗ ಮಾತನಾಡಿಸಲು ಬಂದವರೆಲ್ಲ, "ಎಷ್ಟು ತಾಳ್ಮೆ ಕಣ್ರೀ ಅವರಿಗೆ, ಒಂದು ದಿನ ದನಿ ಎತ್ತಿದ್ದು ಕಾಣೆವು" ಎನ್ನತೊಡಗಿದರು. ಆ ನೆಪ ಅಂದಿಗೆ ಮುಗಿಯಿತು. ಸಿಟ್ಟು ನನ್ನದೇ. ಅದರಿಂದ ಒಬ್ಬ ಮನುಷ್ಯನಿಗೆ ಏನಾಯಿತು ಎಂದು ಬರೆಯಲು ಕೂತಿದ್ದೇನೆ. ಅದಕ್ಕೆ ಮೊದಲು ಒಂದು ಕಾರಿನ ವಿಷಯ ಹೇಳಬೇಕು, ಕಾರಿಗೂ ಮೊದಲು ನಮ್ಮ ಅಂಗಡಿಯ ವಿಷಯ.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಮೈಸೂರಿನ ಒಂಟಿಕೊಪ್ಪಲಿನ ಅಡ್ಡರಸ್ತೆಯೊಂದರಲ್ಲಿ ನಾವಿಬ್ಬರು ಗೆಳೆಯರು ಸೇರಿ ವಾಹನಗಳ ವೈರಿಂಗ್ ಅಂಗಡಿ ಇಟ್ಟೆವು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಟಿವಿ ರಿಪೇರಿ ಮಾಡಿಕೊಂಡಿದ್ದವನು. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆ; ಹಿಂದಿನವರು ಸಂತೆಪೇಟೆಯಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದರು. ಬೆಳಿಗ್ಗೆ ಹಣೆಗೆ ವಿಭೂತಿ ಬೀಳದೆ ಕಾಫಿ ಗಂಟಲಿಗಿಳಿಯುತ್ತಿರಲಿಲ್ಲ. ಗೆಳೆಯ ಇಲವಾಲದ ರೈತರ ಮನೆಯವನು. ಓದಿದ್ದು ಏಳನೇ ಕ್ಲಾಸು. ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಜೋಡಿಸುತ್ತಲೇ ಕರೆಂಟಿನ ವಿದ್ಯೆ ಕಲಿತು, ಅಲ್ಲಿಂದ ಟ್ರ್ಯಾಕ್ಟರಿಗೆ, ಟ್ರ್ಯಾಕ್ಟರಿನಿಂದ ಲಾರಿಗೆ ಬಂದಿದ್ದ. ನನಗಿಂತ ನಾಲ್ಕು ವರ್ಷ ದೊಡ್ಡವನಾದರೂ ನಮ್ಮಲ್ಲಿ ಏಕವಚನವೇ. ಲಾರಿಯ ಹೊಟ್ಟೆಯ ಕೆಳಗೆ ಅಂಗಾತ ಮಲಗಿ, ನನ್ನ ಜೊತೆ ಮನೆಯ ವಿಷಯ ಮಾತಾಡುತ್ತ, ಕಣ್ಣಿಗೆ ಕಾಣದ ಕಡೆ ಕೈ ತೂರಿಸಿ ಹನ್ನೆರಡು ತಂತಿಯ ಕಟ್ಟಿನಿಂದ ಕೆಟ್ಟ ತಂತಿಯೊಂದನ್ನೇ ಹೊರಗೆಳೆಯುತ್ತಿದ್ದ.

ಅಂಗಡಿಗೆ ಒಂದು ಕಟ್ಟಳೆ ಇತ್ತು, ಅವನು ತಂದದ್ದು. ಬ್ಯಾಟರಿ ಮುಟ್ಟುವಾಗ ಸುಮ್ಮನೆ ಮುಟ್ಟಬಾರದು, ಕೂಗಿ ಹೇಳಬೇಕು. "ಕಿತ್ತೆ" ಎಂದು ಒಬ್ಬ ಕೂಗಿದರೆ ಇನ್ನೊಬ್ಬ "ಕಿತ್ತೆ" ಅನ್ನಬೇಕು. "ಪ್ಲಸ್ಸು ಪ್ಲಸ್ಸಿಗೆ" ಎಂದರೆ ಇನ್ನೊಬ್ಬ ಎದ್ದು ಬಂದು ನೋಡಿ "ಪ್ಲಸ್ಸಿಗೆ" ಅನ್ನಬೇಕು. ಬಾವಿಯ ಒಳಗೊಬ್ಬ, ಮೇಲೆ ಸ್ಟಾರ್ಟರಿನ ಹತ್ತಿರ ಒಬ್ಬ ನಿಂತು ಮೋಟಾರು ಇಳಿಸುವ ಹಳ್ಳಿಯಲ್ಲಿ ಇದು ಜೀವ ಕಾಯುವ ರೂಢಿ. ಪೇಟೆಯಲ್ಲಿ ಜನಕ್ಕೆ ಮೋಜು. ಎದುರಿನ ಹೋಟೆಲಿನವರು ನಮ್ಮನ್ನು ಭಜನಾ ಮಂಡಳಿ ಎಂದು ಕರೆಯುತ್ತಿದ್ದರು.

ಕಾರು ಬಂದದ್ದು ಆ ದಶಕದ ನಡುವಿನಲ್ಲಿ. ಡಾಕ್ಟರಮ್ಮ ಒಬ್ಬರು, ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಮಂಪರು ಕೊಡುವ ಕೆಲಸ ಮಾಡಿ ನಿವೃತ್ತರಾದವರು, ಊರಿಗೆ ವಾಪಸಾಗಿ ವಿಜಯನಗರದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದರು. ಬರುವಾಗ ಸಾಮಾನಿನ ಜೊತೆ ತಮ್ಮ ಕಾರನ್ನೂ ತಂದಿದ್ದರು. ಎರಡೇ ಸೀಟು, ಛತ್ರಿಯ ಹಾಗೆ ಮಡಚಿ ಹಿಂದಕ್ಕೆ ಹಾಕುವ ಮೇಲ್ಛಾವಣಿ, ಕೂತರೆ ಸೊಂಟ ನೆಲಕ್ಕೆ ಒಂದು ಗೇಣು. ನಾಲ್ಕು ಜನ ಸೇರಿದರೆ ಅದರ ಹಿಂಭಾಗವನ್ನು ಎತ್ತಿ ಪಕ್ಕಕ್ಕಿಡಬಹುದಿತ್ತು. ಅರವತ್ತು ದಾಟಿದ ಹೆಂಗಸು, ತಲೆಗೆ ಹತ್ತಿಯ ವಸ್ತ್ರ ಕಟ್ಟಿಕೊಂಡು, ಕಂಬಗಳು ಮಾತ್ರ ನಿಂತಿದ್ದ ವಿಜಯನಗರದ ಖಾಲಿ ರಸ್ತೆಗಳಲ್ಲಿ ಅದನ್ನು ಓಡಿಸಿಕೊಂಡು ಹೋದರೆ ಸೈಟು ನೋಡಲು ಬಂದವರು ಸೈಟು ಬಿಟ್ಟು ಅದನ್ನೇ ನೋಡುತ್ತಿದ್ದರು.

ಆ ಕಾರಿಗೆ ಕಾರ್ಬೊರೇಟರ್ ಇರಲಿಲ್ಲ. ಎಂಜಿನ್ನಿಗೆ ಎಷ್ಟು ಪೆಟ್ರೋಲು, ಯಾವ ಗಳಿಗೆಗೆ ಕಿಡಿ ಎಂಬುದನ್ನೆಲ್ಲ ಲೆಕ್ಕ ಹಾಕಿ ಹೇಳುವುದಕ್ಕೆ ಒಂದು ಪೆಟ್ಟಿಗೆ ಇತ್ತು. ಇಸಿಯು ಎಂದು ಮೂರಕ್ಷರದ ಹೆಸರು. ನಾವು ಕಂಪ್ಯೂಟರು ಎನ್ನುತ್ತಿದ್ದೆವು. ಊಟದ ಡಬ್ಬಿಯಷ್ಟು ಅಗಲ, ತಗಡಿನ ಕವಚ, ಒಳಗಿನ ಶಾಖ ಹೋಗಲು ಸಣ್ಣ ಸೀಳುಗಳು. ಅದು ಇದ್ದದ್ದು ಬಾನೆಟ್ಟಿನ ಕೆಳಗಲ್ಲ, ಪಕ್ಕದಲ್ಲಿ ಕೂತವರು ಕಾಲು ಚಾಚುವ ಕಡೆ, ಕಾರ್ಪೆಟ್ಟಿನ ಕೆಳಗೆ. ಮೈಸೂರಿನಲ್ಲಿ ಆಗ ಇಂಥದ್ದನ್ನು ಮುಟ್ಟುವವರು ಬೆರಳೆಣಿಕೆಯಷ್ಟು ಜನ. ಟಿವಿಯ ಬೋರ್ಡು ಬಲ್ಲ ನಾನು, ವಾಹನದ ತಂತಿ ಬಲ್ಲ ಅವನು. ಡಾಕ್ಟರಮ್ಮನಿಗೆ ಯಾರೋ ನಮ್ಮ ಅಂಗಡಿ ತೋರಿಸಿದರು.

ನನಗೆ ಆ ಪೆಟ್ಟಿಗೆಯ ಮೇಲೆ ಭಕ್ತಿಯೇ ಹುಟ್ಟಿತು. ಸುಳ್ಳಲ್ಲ, ಭಕ್ತಿಯೇ. ಆಯುಧಪೂಜೆಯ ದಿನ ಡಾಕ್ಟರಮ್ಮ ಕಾರು ಅಂಗಡಿಗೆ ತಂದು ನಿಲ್ಲಿಸುತ್ತಿದ್ದರು. ಎಲ್ಲರೂ ಬಾನೆಟ್ಟಿಗೆ ಪೂಜೆ ಮಾಡಿದರೆ ನಾನು ಒಪ್ಪುತ್ತಿರಲಿಲ್ಲ. ಬಾನೆಟ್ಟಿಗೆ ವಿಭೂತಿ ಹಚ್ಚುವುದು ಅಂಗಿಗೆ ಹಚ್ಚಿದ ಹಾಗೆ, ಹಣೆ ಎಲ್ಲಿದೆಯೋ ಅಲ್ಲಿ ಹಚ್ಚಬೇಕು ಎಂಬುದು ನನ್ನ ವಾದ. ಕಾರ್ಪೆಟ್ ಎತ್ತಿ, ಮೇಲಿನ ತಗಡು ಬಿಚ್ಚಿ, ಪೆಟ್ಟಿಗೆಗೆ ಒದ್ದೆ ವಿಭೂತಿಯಲ್ಲಿ ಮೂರು ಪಟ್ಟೆ ಎಳೆದು, ನಡುವೆ ಕುಂಕುಮವಿಟ್ಟು, ತೆಂಗಿನಕಾಯಿ ಒಡೆದು ಆ ಕಾಯಿನೀರನ್ನೇ ಮಾವಿನೆಲೆಯಲ್ಲಿ ಪ್ರೋಕ್ಷಣೆ ಮಾಡುತ್ತಿದ್ದೆ. ಡಾಕ್ಟರಮ್ಮ ಕೈಕಟ್ಟಿಕೊಂಡು ನೋಡುತ್ತಿದ್ದರು. ಮೊದಲ ವರ್ಷವೇ ಗೆಳೆಯ ಪಿಸುಗುಟ್ಟಿದ.

"ಲೋ, ಅದ್ರ ಮ್ಯಾಲೆ ನೀರು ಬ್ಯಾಡ ಕಣೋ. ಬರೀ ಊವ ಮಡಗು, ಸಾಕು."

"ದೇವರ ತೀರ್ಥಕ್ಕೆ ಕೆಟ್ಟು ಹೋಗೋ ಮಿಷನ್ನು ಇದ್ದರೆಷ್ಟು, ಬಿಟ್ಟರೆಷ್ಟು?" ಎಂದೆ. ಸುತ್ತ ನಿಂತವರು ನಕ್ಕರು, ಅವನೂ ನಕ್ಕ. ಆಮೇಲೆ ಆ ಮಾತು ಅವನು ಎತ್ತಲಿಲ್ಲ.

ಮೂರು ದಸರಾ ಕಳೆದ ಮೇಲೆ ಕಾರಿನ ಆರೋಗ್ಯ ಕೆಟ್ಟಿತು. ಬೆಳಿಗ್ಗೆ ಜಿಂಕೆಯ ಹಾಗೆ ಓಡುವುದು, ಬಿಸಿಯೇರಿದ ಮೇಲೆ ನಡುರಸ್ತೆಯಲ್ಲಿ ನಿಂತುಬಿಡುವುದು. ಹತ್ತು ನಿಮಿಷ ಬಿಟ್ಟರೆ ಮತ್ತೆ ಹೊರಡುವುದು. ಬಾನೆಟ್ಟಿನ ಕೆಳಗೆ ಒಂದು ಪುಟ್ಟ ಡಬ್ಬಿಯಲ್ಲಿ ಎರಡು ಪಿನ್ನುಗಳ ನಡುವೆ ತುಂಡು ತಂತಿ ಸಿಕ್ಕಿಸಿ ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ಹಳದಿ ದೀಪ ಮಿಟುಕುತ್ತಿತ್ತು. ಉದ್ದ ಮಿಟುಕಿಗೆ ಹತ್ತು, ಗಿಡ್ಡ ಮಿಟುಕಿಗೆ ಒಂದು; ಕೂಡಿಸಿ ಪುಸ್ತಕದಲ್ಲಿ ನೋಡಿದರೆ ರೋಗ ಯಾವ ಭಾಗದಲ್ಲಿದೆ ಎಂದು ಗೊತ್ತಾಗಬೇಕು. ಗೆಳೆಯ ಬೆರಳ ಗೆಣ್ಣಿನ ಮೇಲೆ ಎಣಿಸುತ್ತಿದ್ದ, ನಾನು ಪುಸ್ತಕ ತಿರುವುತ್ತಿದ್ದೆ. ಸೋಮವಾರ ಗಾಳಿ ಅಳೆಯುವ ಸೆನ್ಸರ್ ಎಂದಿತು. ಅದನ್ನು ಬಿಚ್ಚಿ ಒರೆಸಿ ಅಳೆದರೆ ಸರಿಯಾಗಿಯೇ ಇತ್ತು. ಬುಧವಾರ ಎಂಜಿನ್ನಿನ ತಾಪ ನೋಡುವ ಸೆನ್ಸರ್ ಎಂದಿತು, ಅದೂ ಸರಿ ಇತ್ತು. ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ಥ್ ತಂತಿಗಳನ್ನೆಲ್ಲ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿ ಹಾಕಿದೆವು. ವೈರಿಂಗಿನ ಕಟ್ಟನ್ನು ಅಂಗುಲ ಅಂಗುಲವಾಗಿ ಅಲುಗಿಸಿ ನೋಡಿದೆವು. ದಿನಕ್ಕೊಂದು ಸುಳ್ಳು ಹೇಳುತ್ತದೆ ಎಂದ ಮೇಲೆ ಸುಳ್ಳು ಹೇಳುತ್ತಿರುವುದು ಹೇಳುವ ಬಾಯಿಯೇ, ಅಂದರೆ ಪೆಟ್ಟಿಗೆಯೇ ಇರಬಹುದು ಎಂದು ಗೆಳೆಯ ಅಂದ. ನಾನು ಒಪ್ಪಲಿಲ್ಲ. ನನ್ನ ದೇವರಿಗೆ ರೋಗ ಬರುತ್ತದೆಂದು ಒಪ್ಪುವುದು ಹೇಗೆ?

ಹೀಗಿರುವಾಗ ಒಂದು ದಿನ ನಾನು ಸಂಬಂಧಿಕರ ಮದುವೆಗೆ ನಂಜನಗೂಡಿಗೆ ಹೋಗಿದ್ದೆ. ಡಾಕ್ಟರಮ್ಮ ದೀಪ ಆರಿಸುವುದನ್ನು ಮರೆತು ಬ್ಯಾಟರಿ ಪೂರ್ತಿ ಇಳಿದಿತ್ತು. ಗೆಳೆಯನೊಬ್ಬನೇ ಬೇರೆ ಬ್ಯಾಟರಿ ಹೊತ್ತುಕೊಂಡು ವಿಜಯನಗರಕ್ಕೆ ಹೋದ. ಆ ಕಾರಿನ ಬ್ಯಾಟರಿ ಇರುವುದು ಹಿಂದಿನ ಡಿಕ್ಕಿಯಲ್ಲಿ. ಹಳೆಯದನ್ನು ಕಿತ್ತು ಹೊಸದನ್ನು ಜೋಡಿಸಿ ಕೀ ತಿರುಗಿಸಿದರೆ ಎಂಜಿನ್ ತಿರುಗಿತು, ಹತ್ತಿಕೊಳ್ಳಲಿಲ್ಲ. ಹಳದಿ ದೀಪ ಕೂಡ ಬರಲಿಲ್ಲ. ಮಾರನೆಯ ದಿನ ಅವನ ಜೊತೆ ನಾನೂ ಹೋಗಿ ಮೀಟರ್ ಹಿಡಿದೆ. ಪೆಟ್ಟಿಗೆಯ ತನಕ ಕರೆಂಟು ಬರುತ್ತಿತ್ತು, ಪೆಟ್ಟಿಗೆಯಿಂದ ಏನೂ ಹೊರಡುತ್ತಿರಲಿಲ್ಲ. ಕಂಪ್ಯೂಟರು ಸತ್ತಿತ್ತು.

ನನ್ನ ತಲೆಯಲ್ಲಿ ಒಂದೇ ಕ್ಷಣಕ್ಕೆ ತೀರ್ಪು ಬರೆದಾಗಿತ್ತು. ನಿನ್ನೆ ಮೊನ್ನೆಯವರೆಗೆ ಕುಂಟುತ್ತಲಾದರೂ ಓಡುತ್ತಿದ್ದ ಕಾರು, ಇವನು ಬ್ಯಾಟರಿ ಮುಟ್ಟಿದ ಮೇಲೆ ಸತ್ತಿದೆ. ಕೂಗಿ ಹೇಳುವುದಕ್ಕೆ ಪಕ್ಕದಲ್ಲಿ ನಾನಿರಲಿಲ್ಲ. ಪ್ಲಸ್ಸಿಗೆ ಮೈನಸ್ಸು ಕೊಟ್ಟಿದ್ದಾನೆ, ಸುಟ್ಟಿದ್ದಾನೆ, ಆಮೇಲೆ ಸರಿ ಮಾಡಿ ಬಾಯಿ ಮುಚ್ಚಿಕೊಂಡಿದ್ದಾನೆ. ಡಾಕ್ಟರಮ್ಮನ ಮನೆ ಮುಂದೆಯೇ, ಅವರ ಎದುರಿಗೇ, ಪಕ್ಕದ ಸೈಟಿನಲ್ಲಿ ಗೋಡೆ ಕಟ್ಟುತ್ತಿದ್ದ ಗಾರೆಯವರೆಲ್ಲ ಕೈ ನಿಲ್ಲಿಸಿ ನೋಡುವ ಹಾಗೆ ಕೂಗಾಡಿದೆ.

"ಇಲ್ಲ ಕಣೋ, ನಾನು ಸರಿಯಾಗೇ ಆಕ್ದೆ. ಒಬ್ನೇ ಇದ್ರೂ ಬಾಯ್ಬುಟ್ಟು ಯೋಳ್ಕೊಂಡೇ ಆಕ್ದೆ" ಎಂದ.

"ಯಾರು ಕೇಳಿಸಿಕೊಂಡರು?"

ಅವನು ಹೋಗಿ ಬಾನೆಟ್ ಎತ್ತಿದ. "ಮೇನ್ ಫ್ಯೂಸ್ ನೋಡು. ಉಲ್ಟಾ ಕೊಟ್ಟಿದ್ರೆ ಮೊದ್ಲು ಅದು ಓಗ್ಬೇಕಿತ್ತಲ್ವಾ? ಅದು ಗಟ್ಟಿಯಾಗದೆ" ಎಂದ. ಮಾತು ಸರಿಯಾಗಿತ್ತು. ಹಿಂದುಮುಂದಾಗಿ ಕರೆಂಟು ಕೊಟ್ಟರೆ ಎಲ್ಲಕ್ಕಿಂತ ಮೊದಲು ಸುಡಲಿ ಎಂದೇ ಆ ಫ್ಯೂಸ್ ಇಟ್ಟಿರುತ್ತಾರೆ. ಅದು ಸುಡದೆ ಇದ್ದದ್ದು ನನ್ನ ಕಣ್ಣ ಮುಂದೆಯೇ ಇತ್ತು. ಆದರೂ, "ಏಳನೇ ಕ್ಲಾಸಿನವನು ನನಗೆ ಫ್ಯೂಸ್ ಹೇಳಿಕೊಡಬೇಡ" ಎಂದೆ.

ಆ ವಾಕ್ಯವನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು. ಬರೆಯುವಾಗ ಕೈ ಹಿಂದೆ ಸರಿಯಿತು, ನಾಚಿಕೆಯಾಯಿತು. ಆದರೆ ಅಂದದ್ದು ಅದೇ ಮಾತು. ಅವನು ತನ್ನ ಟೆಸ್ಟರನ್ನು ಜೇಬಿಗೆ ಹಾಕಿಕೊಂಡು, ಅಂಗಡಿಯ ಬೀಗದ ಕೈಯನ್ನು ಕಾರಿನ ಸೀಟಿನ ಮೇಲಿಟ್ಟು, ಡಾಕ್ಟರಮ್ಮನಿಗೆ ಕೈಮುಗಿದು, ಹುಣಸೂರು ರಸ್ತೆಯ ಕಡೆ ನಡೆದು ಹೋದ. ಇಲವಾಲದ ಬಸ್ಸು ಅಲ್ಲಿ ನಿಲ್ಲುತ್ತಿತ್ತು.

ಅಷ್ಟಕ್ಕೆ ನಿಂತಿದ್ದರೆ ಎರಡು ವಾರ ಬಿಟ್ಟು ನಾನೇ ಹೋಗಿ ಕರೆಯುತ್ತಿದ್ದೆನೇನೋ. ಆದರೆ ನನಗೆ ಕಥೆ ಹೇಳುವ ಚಟ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ, ಎದುರಿನ ಹೋಟೆಲಿನಲ್ಲಿ, ಲಾರಿಯವರ ಸ್ಟ್ಯಾಂಡಿನಲ್ಲಿ, ಫಾರಿನ್ ಕಾರಿಗೆ ಉಲ್ಟಾ ಬ್ಯಾಟರಿ ಕೊಟ್ಟವನ ಕಥೆಯನ್ನು ಕೈ ಬಾಯಿ ತಿರುಗಿಸಿ ಹೇಳಿದೆ. ಜನ ನಕ್ಕರು. ಯಾರೋ ಅವನಿಗೆ ಉಲ್ಟಾ ಎಂದೇ ಹೆಸರಿಟ್ಟರು. ಅವನು ಇಲವಾಲದ ರಸ್ತೆಬದಿಯಲ್ಲಿ ಒಂದು ಸಣ್ಣ ಶೆಡ್ ಹಾಕಿದ್ದಾನಂತೆ ಎಂದು ಕೇಳಿದೆ. ಕೆಲವು ತಿಂಗಳಿಗೆ ಮುಚ್ಚಿದನಂತೆ ಎಂದೂ ಕೇಳಿದೆ. ಲಾರಿಯವರು ಅಲ್ಲಿ ನಿಲ್ಲಿಸಿ, "ಏನಪ್ಪ ಉಲ್ಟಾ" ಎಂದು ಹಾರ್ನ್ ಹೊಡೆದು ಹೋಗುತ್ತಿದ್ದರಂತೆ. ಇದನ್ನು ಹೇಳಿದವನು ನಗುತ್ತ ಹೇಳಿದ. ನಾನೂ ನಕ್ಕೆ.

ಇತ್ತ ಡಾಕ್ಟರಮ್ಮನ ಹಳೆಯ ಸಹೋದ್ಯೋಗಿಯೊಬ್ಬರು ಇಂಗ್ಲೆಂಡಿನ ಗುಜರಿಯಿಂದ ಅದೇ ನಂಬರಿನ ಇನ್ನೊಂದು ಪೆಟ್ಟಿಗೆ ಹುಡುಕಿ ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ಪಾರ್ಸೆಲ್ ಕಳಿಸಿದರು. ನಂಬರು ಒಂದಕ್ಷರ ಬೇರೆಯಾದರೂ ಕೆಲಸಕ್ಕೆ ಬಾರದು. ಗೇರು ತಾನೇ ಬದಲಾಗುವ ಕಾರಿನ ಪೆಟ್ಟಿಗೆ ಬೇರೆ, ಕೈಯಲ್ಲಿ ಹಾಕುವ ಕಾರಿನದು ಬೇರೆ. ಹಳೆಯದನ್ನು ಬಿಚ್ಚಿ ಹೊಸದನ್ನು ಸಿಕ್ಕಿಸುವುದು ಅರ್ಧ ಗಂಟೆಯ ಕೆಲಸ. ಕೀ ತಿರುಗಿಸಿದ ಕೂಡಲೇ ಎಂಜಿನ್ ಹತ್ತಿಕೊಂಡಿತು. ಸತ್ತ ಪೆಟ್ಟಿಗೆಯ ಮುಚ್ಚಳವನ್ನು ನಾನು ಬಿಚ್ಚಿ ಕೂಡ ನೋಡಲಿಲ್ಲ. ಯಾಕೆ ಸತ್ತಿತು ಎಂದು ಗೊತ್ತಿದ್ದ ಮೇಲೆ ಬಿಚ್ಚುವುದೇಕೆ? ಅಂಗಡಿಯ ಅಟ್ಟದ ಮೇಲೆಸೆದೆ. ಆ ವರ್ಷದ ಆಯುಧಪೂಜೆಯಲ್ಲಿ ಹೊಸ ಪೆಟ್ಟಿಗೆಗೆ ದೃಷ್ಟಿಯಾಗದಿರಲಿ ಎಂದು ವಿಭೂತಿಯನ್ನೂ ಕಾಯಿನೀರನ್ನೂ ಹೆಚ್ಚಾಗಿಯೇ ಹಾಕಿದೆ.

ಎರಡು ದಸರಾ ಆದ ಮೇಲೆ ಕಾರು ಮತ್ತೆ ನಡುರಸ್ತೆಯಲ್ಲಿ ನಿಲ್ಲತೊಡಗಿತು. ಅದೇ ರೋಗ, ಅದೇ ದಿನಕ್ಕೊಂದು ಸುಳ್ಳು. ಈ ಸಲ ಪಕ್ಕದಲ್ಲಿ ಬೈಯಲು ಯಾರೂ ಇರಲಿಲ್ಲ. ಗುಜರಿ ಮಾಲು, ಹೀಗೇ ಇರುತ್ತದೆ ಎಂದು ಡಾಕ್ಟರಮ್ಮನಿಗೆ ಹೇಳಿದೆ. ಅವರು ಒಳಗೆ ಹೋಗಿ ಒಂದು ಡೈರಿ ತಂದರು. ಕಾರು ನಿಂತ ದಿನ, ಸ್ಥಳ, ಆಗಿನ ಬಿಸಿಲು, ಎಲ್ಲ ಬರೆದಿಟ್ಟಿದ್ದರು. ಆಸ್ಪತ್ರೆಯ ಅಭ್ಯಾಸ.

"ಇದು ಪ್ರತೀ ಸಲ ಜೋರಾಗೋದು ನವರಾತ್ರಿ ಮುಗಿದು ಎರಡು ಮೂರು ವಾರಕ್ಕೆ" ಎಂದರು. "ಹಳೇ ಪೆಟ್ಟಿಗೆಗೂ ಹಾಗೇ ಆಗಿತ್ತು, ನೋಡಿ ಇಲ್ಲಿ. ಆ ಹೊತ್ತಿಗೆ ನೀವು ಇದಕ್ಕೆ ಏನು ಮಾಡ್ತೀರಿ?"

"ಏನೂ ಇಲ್ಲಮ್ಮ. ಬರೀ ಪೂಜೆ."

ಅವರು ಡೈರಿಯನ್ನು ನನ್ನ ಮುಂದಕ್ಕೆ ಸರಿಸಿದರು. ನಾನು ಸ್ಕ್ರೂ ಡ್ರೈವರ್ ತೆಗೆದುಕೊಂಡೆ.

ಪೆಟ್ಟಿಗೆಯನ್ನು ಅವರ ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಬಿಚ್ಚಿದೆ. ಮೊದಲು ಕಂಡದ್ದು ಇರುವೆಗಳು. ಸೀಳಿನ ಬಾಯಿಯಿಂದ ಬೋರ್ಡಿನ ನಡುವಿನ ತನಕ ಸತ್ತು ಒಣಗಿದ ಇರುವೆಗಳ ಸಾಲು. ಅವು ಬಂದ ದಾರಿಯುದ್ದಕ್ಕೂ ಬೆಲ್ಲದ ಪಾಕದ ಬಣ್ಣದ ಅಂಟು. ಕನೆಕ್ಟರಿನ ಪಿನ್ನುಗಳ ಬುಡದಲ್ಲಿ ಬಿಳಿ ಬೂದಿ ಗಟ್ಟಿಯಾಗಿ ಕೂತಿತ್ತು, ಅದರ ಸುತ್ತ ಹಸಿರು ಕಿಲುಬು. ಎರಡು ಕಡೆ ತಾಮ್ರದ ಗೆರೆಗಳನ್ನೇ ತಿಂದು ಹಾಕಿತ್ತು. ಕಾಯಿನೀರಿನಲ್ಲಿ ಸಿಹಿಯೂ ಉಂಟು, ಲವಣವೂ ಉಂಟು. ವಿಭೂತಿಯ ಬೂದಿ ಗಾಳಿಯ ತೇವವನ್ನು ಹೀರಿ ಹಿಡಿದಿಡುತ್ತದೆ. ಕೀ ತೆಗೆದರೂ ಆ ಪೆಟ್ಟಿಗೆಗೆ ನೆನಪು ಉಳಿಸಿಕೊಳ್ಳಲೆಂದು ಒಂದು ತಂತಿಯಲ್ಲಿ ಸದಾ ಕರೆಂಟು ಇರುತ್ತದೆ. ಲವಣ, ತೇವ, ಕರೆಂಟು ಮೂರೂ ಸೇರಿದರೆ ತಾಮ್ರ ಕರಗುತ್ತದೆಂಬುದು ನನ್ನ ಡಿಪ್ಲೊಮಾದ ಮೊದಲನೇ ವರ್ಷದ ಪಾಠ. ಆ ಪಾಠದಲ್ಲಿ ನನಗೆ ಒಳ್ಳೆಯ ಮಾರ್ಕ್ಸೂ ಬಂದಿತ್ತು.

ಅಂಗಡಿಗೆ ಓಡಿ ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಸಿ ಅಲ್ಲೇ ನಿಂತು ಬಿಚ್ಚಿದೆ. ಅದರಲ್ಲೂ ಅದೇ ಬೂದಿ, ಅದೇ ಹಸಿರು. ಇರುವೆ ಇನ್ನೂ ಹೆಚ್ಚು. ಕಿಲುಬು ತಿಂದು ಸವೆದಿದ್ದ ಒಂದು ಗೆರೆ ಪೂರ್ತಿ ಕಡಿದಿತ್ತು; ಬ್ಯಾಟರಿ ಬದಲಾದ ದಿನವೇ ಅದು ಕಡಿದದ್ದು ಬರೀ ಕಾಕತಾಳೀಯ. ಉಲ್ಟಾ ಕರೆಂಟಿಗೆ ಸುಟ್ಟಿದ್ದರೆ ಒಡೆದಿರಬೇಕಾದ ಭಾಗ ಒಡೆದಿರಲಿಲ್ಲ, ಹೊಸದರ ಹಾಗೆ ಮಿರುಗುತ್ತಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಾನು ಪ್ರತ್ಯಕ್ಷವನ್ನೂ ಕಂಡಿರಲಿಲ್ಲ, ನಾಲ್ಕು ಸ್ಕ್ರೂ ಬಿಚ್ಚುವ ತಾಳ್ಮೆಯೂ ನನಗಿರಲಿಲ್ಲ. ಬರೀ ಊವ ಮಡಗು ಅಂದಿದ್ದ ಅವನು. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಬಹಳ ಹೊತ್ತು ಹೊರಗೆ ಬರಲಿಲ್ಲ.

ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಅವರಿಗೆ ನನ್ನ ಮೇಲೆ ಸಿಟ್ಟು ಬರಲೆಂದು ಕಾದೆ, ಬರಲಿಲ್ಲ.

"ಇಷ್ಟು ವರ್ಷ ನಿಂತು ನೋಡಿದವಳು ನಾನೂ ಅಲ್ವೇ" ಎಂದರು. "ಪೆಟ್ಟಿಗೆ ಹೋದರೆ ಇನ್ನೊಂದು ತರಿಸಬಹುದು. ಆ ಮನುಷ್ಯ ಎಲ್ಲಿದ್ದಾರೆ? ಅವರು ಬಂದು ಬ್ಯಾಟರಿ ಹಾಕೋ ತನಕ ಈ ಕಾರು ಶುರುವಾಗೋದೇ ಬೇಡ."

ಒಂದು ವಾರ ಕೂತು ಎರಡನೆಯ ಪೆಟ್ಟಿಗೆಯನ್ನು ಸ್ಪಿರಿಟ್ಟಿನಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದೆ. ಸೋರಿದ್ದ ಕೆಪಾಸಿಟರುಗಳನ್ನು ಬದಲಿಸಿದೆ. ತಿಂದುಹೋದ ಗೆರೆಗಳ ಜಾಗಕ್ಕೆ ಕೂದಲಿನಷ್ಟು ತೆಳು ತಂತಿ ಬೆಸೆದೆ. ಅದೆಲ್ಲ ಸುಲಭದ ಕೆಲಸ. ಇಲವಾಲಕ್ಕೆ ಹೋಗುವುದೇ ಕಷ್ಟವಾಗಿತ್ತು. ಮೂರು ಸಲ ಸ್ಕೂಟರ್ ಹೊರಗೆ ತೆಗೆದು ಮತ್ತೆ ಒಳಗಿಟ್ಟೆ. ನಾಲ್ಕನೆಯ ಸಲ ಹಳೆಯ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಅವನು ಊರಾಚೆಯ ತೋಟದಲ್ಲಿದ್ದ, ಅಣ್ಣನ ಜೊತೆ ತರಕಾರಿ ಬೆಳೆಯುತ್ತಿದ್ದ. ಪಂಪಿನ ಮನೆಯ ಹತ್ತಿರ ಪಕ್ಕದ ಊರಿನ ಎಲೆಕ್ಟ್ರಿಷಿಯನ್ ಒಬ್ಬ ಸ್ಟಾರ್ಟರ್ ಬಿಚ್ಚಿ ಹರಡಿಕೊಂಡಿದ್ದ, ಇವನು ದೂರದಲ್ಲಿ ಬದುವಿನ ಮೇಲೆ ಕೂತು ನೋಡುತ್ತಿದ್ದ. ಅಬ್ಬ, ದೊಡ್ಡ ರೈತನಾಗಿಬಿಟ್ಟಿದ್ದಾನೆ, ಇಂಥ ಕೆಲಸಕ್ಕೂ ಆಳು ಕರೆಸುತ್ತಾನೆ ಎಂದುಕೊಂಡೆ. ನನ್ನನ್ನು ಕಂಡು ಎದ್ದು ನಿಂತ. ಕೂದಲು ಅರ್ಧ ಬೆಳ್ಳಗಾಗಿತ್ತು.

ಅವನನ್ನು ಮತ್ತೆ ಬದುವಿನ ಮೇಲೆ ಕೂರಿಸಿ, ಪಕ್ಕದಲ್ಲಿ ಕೂತು, ಪೆಟ್ಟಿಗೆಯ ಮುಚ್ಚಳ ತೆಗೆದು ಅವನ ತೊಡೆಯ ಮೇಲಿಟ್ಟೆ. ಇರುವೆಗಳ ಸಾಲು ತೋರಿಸಿದೆ. ಬೂದಿ ತೋರಿಸಿದೆ. "ನಾನು ಹಾಕಿದ ಕಾಯಿನೀರು" ಎಂದೆ. "ನಿನ್ನ ಕೈ ತಪ್ಪಲಿಲ್ಲ. ನಾನು ಸುಳ್ಳು ಹೇಳಿದೆ, ಊರೆಲ್ಲ ಹೇಳಿದೆ. ತಪ್ಪಾಯಿತು."

ಅವನು ಪೆಟ್ಟಿಗೆಯನ್ನು ಬಿಸಿಲಿಗೆ ಓರೆ ಮಾಡಿ ನೋಡಿದ. ಬೆರಳಿನಿಂದ ಬೂದಿಯನ್ನು ಕೆರೆದು ನೋಡಿದ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಎದೆ ಹಗುರವಾಗುತ್ತಿತ್ತು.

"ಅಂಗಾದ್ರೆ ನಾನಲ್ವಾ?" ಎಂದ.

ನನಗೆ ಅರ್ಥವಾಗಲಿಲ್ಲ. "ನೀನೇ ಅಲ್ಲ ಅಂತಿದ್ದೆಯಲ್ಲೋ ಅವತ್ತು? ಸರಿಯಾಗೇ ಹಾಕಿದೆ ಅಂತ?"

"ಅಂದೆ ಕಣೋ. ಮೊದ್ಲು ಅಂಗೇ ಅನ್ನಿಸ್ತಿತ್ತು. ಆಮ್ಯಾಕೆ ನೀನು ಓದ್ದೋನು ಯೋಳ್ತಾ ಇದ್ದೀಯ, ಎಲ್ರೂ ಅಂತಾವ್ರೆ. ಯೋಚ್ನೆ ಮಾಡ್ದಂಗೆಲ್ಲ ಕೆಂಪು ತಂತಿ ಯಾವ ಕಡೆ ಇತ್ತು ಅಂತ್ಲೇ ನೆಪ್ಪಾಗ್ದಂಗಾಗೋಯ್ತು. ನಾನೇ ಇರ್ಬೇಕು ಬುಡು ಅಂದ್ಕಂಡೆ."

ಹೇಳುವಾಗ ಅವನ ದನಿಯಲ್ಲಿ ಆಕ್ಷೇಪವಿರಲಿಲ್ಲ. ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂದು ನಮ್ಮಜ್ಜಿ ನನ್ನನ್ನು ಬಯ್ಯುತ್ತಿದ್ದಳು. ಆದರೂ ನಾನು ಆಸೆಬುರುಕ. ಡಾಕ್ಟರಮ್ಮ ನಿನ್ನನ್ನೇ ಕರೆತರಲು ಹೇಳಿದ್ದಾರೆ, ಬ್ಯಾಟರಿ ನಿನ್ನ ಕೈಯಲ್ಲೇ ಹಾಕಿಸಬೇಕಂತೆ ಎಂದೆ. ಅವನು ಸ್ವಲ್ಪ ಯೋಚಿಸಿ, ಮನೆಗೆ ಹೋಗಿ ಅಂಗಿ ಬದಲಿಸಿಕೊಂಡು ಬಂದ. ಅಷ್ಟು ಸುಲಭವಾಗಿ ಬಂದನಲ್ಲ ಎಂದು ನನಗೆ ಕುಣಿಯುವಷ್ಟು ಖುಷಿ. ಸ್ಕೂಟರಿನ ಹಿಂದೆ ಕೂತು ದಾರಿಯುದ್ದಕ್ಕೂ ಬದನೆಯ ಬೆಳೆ, ಅಣ್ಣನ ಮಂಡಿನೋವು ಎಂದು ಮಾತಾಡಿದ. ಎಲ್ಲ ಸರಿಹೋಯಿತು, ನಾಳೆಯಿಂದ ಅಂಗಡಿಗೆ ಬರುತ್ತಾನೆ ಎಂದು ನಾನು ಮನಸ್ಸಿನಲ್ಲೇ ಅವನ ಸ್ಟೂಲನ್ನು ಅದರ ಜಾಗಕ್ಕೆ ಎಳೆದಿಟ್ಟೂ ಆಗಿತ್ತು. ಎದುರಿನ ಹೋಟೆಲಿನಲ್ಲಿ, ಲಾರಿ ಸ್ಟ್ಯಾಂಡಿನಲ್ಲಿ ಇನ್ನು ಯಾವ ಕಥೆ ಹೇಳಬೇಕೆಂದು ಯೋಚಿಸುತ್ತಿದ್ದೆ. ಈ ಸಲ ನಾನೇ ಉಲ್ಟಾ.

ವಿಜಯನಗರದಲ್ಲಿ ಡಾಕ್ಟರಮ್ಮ ಗೇಟಿನ ತನಕ ಬಂದು ಅವನಿಗೆ ಕೈಮುಗಿದರು. ನಾನು ಕಾರ್ಪೆಟ್ ಎತ್ತಿ, ತೊಳೆದು ರಿಪೇರಿ ಮಾಡಿದ್ದ ಪೆಟ್ಟಿಗೆಯನ್ನು ಕೂರಿಸಿ ಕನೆಕ್ಟರುಗಳನ್ನು ಒತ್ತಿದೆ. ಅವನು ಹಿಂದೆ ಹೋಗಿ ಡಿಕ್ಕಿ ಎತ್ತಿದ. ಬ್ಯಾಟರಿ ಹೊಸದು, ಅದರ ಮೈಮೇಲೆ ಪ್ಲಸ್ ಗುರುತು ರೂಪಾಯಿಯಷ್ಟು ದೊಡ್ಡದಾಗಿ ಕೆಂಪು ಬಣ್ಣದಲ್ಲಿತ್ತು, ತಂತಿಯ ತುದಿಗೂ ಕೆಂಪು ಟೋಪಿ ಇತ್ತು. ಅವನು ತಂತಿಯನ್ನು ಕೈಯಲ್ಲಿ ಹಿಡಿದ. ನಾನು ಡ್ರೈವರ್ ಸೀಟಿನ ಪಕ್ಕ ನಿಂತು ಅವನ ಕೂಗಿಗೆ ಕಾದೆ. ಕೂಗು ಬರಲಿಲ್ಲ. ಒಂದು ನಿಮಿಷವಾಯಿತು, ಎರಡಾಯಿತು. ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಹಿಂದಕ್ಕೆ ಹೋದೆ.

ಅವನು ಬಗ್ಗಿದ ಹಾಗೇ ಇದ್ದ. ತಂತಿ ಹಿಡಿದ ಕೈ ಬ್ಯಾಟರಿಯ ಮೇಲೆ ಗೇಣು ಎತ್ತರದಲ್ಲಿ ನಿಂತಿತ್ತು.

"ಲೋ, ಒಸಿ ನೋಡ್ಬುಡು" ಎಂದ, ಡಾಕ್ಟರಮ್ಮನಿಗೆ ಕೇಳಿಸದ ಹಾಗೆ. "ಪ್ಲಸ್ಸು ಇದೇ ಅಲ್ವಾ?"

"ಇದೇ ಕಣೋ" ಎಂದೆ.

ಕೈ ಇಳಿಯಲಿಲ್ಲ.

"ಸರಿಯಾಗಿ ನೋಡಿ ಯೋಳು" ಎಂದ.